ಹೋಗಿ ಬರ್ತೀನಿ ಅನ್ನದೆ ಹೋದವನು

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಕ್ರೀಡಾ ಪುಟದಲ್ಲಿ ಆಟಗಾರರ ನಿವೃತ್ತಿ ಬಗ್ಗೆ ಒಂದು ಬರಹ ಇತ್ತು. ಚೆನ್ನಾಗಿತ್ತು. ಆದರೆ ಕೊನೆಯಲ್ಲಿ ಬರೆದವರು ಒಂದು ಮಾತು ಸೇರಿಸಿದ್ದರು. ಮೈಯಲ್ಲಿ ಕಸುವಿದ್ದು, ದೊಡ್ಡ ದಾಖಲೆ ಕೈಗೆ ಸಿಗುವಷ್ಟು ಹತ್ತಿರ ಇರುವಾಗ ಯಾವ ಆಟಗಾರನೂ ಎದ್ದು ಹೋಗುವುದಿಲ್ಲವಂತೆ.

ಒಬ್ಬ ಹೋಗಿದ್ದಾನೆ ಸ್ವಾಮಿ. ಹೆಸರು ಬ್ಯಾರಿ ಸ್ಯಾಂಡರ್ಸ್. ಅಮೆರಿಕನ್ ಫುಟ್‌ಬಾಲ್ ಆಟಗಾರ, ಡೆಟ್ರಾಯಿಟ್ ಲಯನ್ಸ್ ತಂಡದ ರನ್ನಿಂಗ್ ಬ್ಯಾಕ್. 1999ರ ಜುಲೈ ಕೊನೆಯಲ್ಲಿ, ತಂಡದ ತರಬೇತಿ ಶಿಬಿರ ಇನ್ನೇನು ಶುರುವಾಗಬೇಕು ಅನ್ನುವಾಗ, ತನ್ನ ಹುಟ್ಟೂರಿನ ಪತ್ರಿಕೆ 'ವಿಚಿಟಾ ಈಗಲ್'ಗೆ ಒಂದು ಫ್ಯಾಕ್ಸ್ ಕಳಿಸಿದ. ಆಟದಲ್ಲಿ ಉಳಿಯುವ ಆಸೆಗಿಂತ ಬಿಡುವ ಆಸೆಯೇ ಜಾಸ್ತಿಯಾಗಿದೆ, ಹಾಗಾಗಿ ಬಿಟ್ಟೆ ಅಂತ. ಅಷ್ಟೇ. ಪತ್ರಿಕಾಗೋಷ್ಠಿ ಇಲ್ಲ, ಕಣ್ಣೀರಿಲ್ಲ, ಹಾರ ತುರಾಯಿ ಇಲ್ಲ. ಫ್ಯಾಕ್ಸ್ ಕಳಿಸಿ ಲಂಡನ್‌ಗೆ ಹೋಗಿಬಿಟ್ಟ. ಆಗತಾನೆ 31 ತುಂಬಿತ್ತು.

ಏಕವಚನದಲ್ಲಿ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. 33 ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನ ಬಾಯಲ್ಲಿ ಓಡುವ ಹುಡುಗರಿಗೆಲ್ಲ ಏಕವಚನವೇ ಬರುವುದು.

ಪಾಂಡವಪುರದವನಿಗೆ ಇದೆಲ್ಲ ಹೇಗೆ ಗೊತ್ತು ಅಂತ ಕೇಳಬಹುದು. 2023ರ ಸೆಪ್ಟೆಂಬರ್‌ನಲ್ಲಿ ನಾನೂ ನನ್ನಾಕೆಯೂ ಮಗಳ ಮನೆಗೆ ಹೋಗಿದ್ದೆವು. ಡೆಟ್ರಾಯಿಟ್ ಪಕ್ಕದ ನೋವೈ ಅನ್ನುವ ಊರು. ಮಗಳು ಅಳಿಯ ಇಬ್ಬರೂ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ಮುಗಿಯಿತು. ನನಗೆ ವಾಕಿಂಗ್ ಬಿಟ್ಟರೆ ಬೇರೆ ಕೆಲಸವಿಲ್ಲ. ಪಕ್ಕದ ಮನೆಯಲ್ಲಿ ಒಬ್ಬ ಯಜಮಾನರು, ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಚಳಿ ಶುರುವಾದರೂ ಗ್ಯಾರೇಜ್ ಬಾಗಿಲು ತೆರೆದು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಗೋಡೆ ಮೇಲೆ ನೀಲಿ ಬಣ್ಣದ, 20ನೇ ನಂಬರಿನ ಒಂದು ಅಂಗಿ. ಅದರ ಕೆಳಗೆ ಹಳದಿಗಟ್ಟಿದ ಒಂದು ಪತ್ರಿಕೆ, ಚೌಕಟ್ಟು ಹಾಕಿಸಿದ್ದು. ನನ್ನ ಇಂಗ್ಲಿಷು ಅರ್ಧಂಬರ್ಧ, ಅವರದು ಮೂಗಿನಲ್ಲಿ. ಆದರೂ ಆಟದ ವಿಷಯಕ್ಕೆ ಭಾಷೆ ಎಷ್ಟು ಬೇಕು?

ಆ ಆಟ ನೋಡದವರಿಗೆ ಎರಡು ಮಾತು. ನೂರು ಗಜದ ಅಂಗಳ, ಒಂದೊಂದು ಕಡೆ 11 ಜನ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಗಜ ಅಂದರೆ ನಮ್ಮ ಬಟ್ಟೆ ಅಂಗಡಿಯಲ್ಲಿ ಅಳೆಯುತ್ತಿದ್ದ ಅದೇ ಗಜ, ಮೂರು ಅಡಿ. ರನ್ನಿಂಗ್ ಬ್ಯಾಕ್ ಅಂದರೆ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಆ ಮಂದಿ ಮಧ್ಯೆ ನುಗ್ಗುವವನು. ಕಬಡ್ಡಿ ರೈಡರ್ ಅಂದುಕೊಳ್ಳಿ. ಆದರೆ ಅವನಿಗೆ ವಾಪಸ್ ಬರಲು ಮಧ್ಯದ ಗೆರೆ ಇಲ್ಲ. ಹಿಡಿಯುವವರು ಒಬ್ಬೊಬ್ಬರೂ ನೂರು ಕೆಜಿ, ನೂರಿಪ್ಪತ್ತು ಕೆಜಿ. ನಾನೂ ಕಾಲೇಜಿನಲ್ಲಿ ಕಬಡ್ಡಿ ಆಡಿದವನು, ಆಂಕಲ್ ಹೋಲ್ಡ್ ತಪ್ಪಿಸಿಕೊಳ್ಳುವುದು ಎಷ್ಟು ಕಷ್ಟ ಅಂತ ನನ್ನ ಮೊಣಕಾಲಿಗೆ ಇವತ್ತಿಗೂ ಗೊತ್ತು. ಬ್ಯಾರಿಯ ಹಳೆಯ ವಿಡಿಯೋಗಳನ್ನು ಅಳಿಯ ಟಿ.ವಿ.ಯಲ್ಲಿ ಹಾಕಿಕೊಟ್ಟಾಗ ನಾನು ಕಾಫಿ ಕುಡಿಯುವುದನ್ನೇ ಮರೆತೆ. ಎರಡು ಕಡೆಯಿಂದ ಇಬ್ಬರು ಹಾರುತ್ತಾರೆ, ಇವನು ನಿಂತ ಜಾಗದಲ್ಲೇ ಗಕ್ಕನೆ ನಿಲ್ಲುತ್ತಾನೆ. ಅವರಿಬ್ಬರೂ ಒಬ್ಬರಿಗೊಬ್ಬರು ಡಿಕ್ಕಿ. ಇವನು ಪಕ್ಕದಲ್ಲಿ ನುಸುಳಿ ಹೋಗಿರುತ್ತಾನೆ. ಎತ್ತರ 5 ಅಡಿ 8 ಇಂಚು, ಅಂದರೆ ನನಗಿಂತ ಒಂದಿಂಚು ಕಡಿಮೆ. ತೊಡೆ ಮಾತ್ರ ಒನಕೆ.

ಹುಟ್ಟಿದ್ದು 1968ರಲ್ಲಿ, ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿ. ಹನ್ನೊಂದು ಮಕ್ಕಳ ಮನೆ. ಅಪ್ಪ ವಿಲಿಯಂ ಮನೆಗಳಿಗೆ ಚಾವಣಿ ಹೊದಿಸುವ ಕೆಲಸದವರು, ಬಡಗಿ ಕೆಲಸವೂ ಬರುತ್ತಿತ್ತು. ಬೇಸಿಗೆಯಲ್ಲಿ ಗಂಡುಮಕ್ಕಳನ್ನೂ ಚಾವಣಿ ಮೇಲೆ ಹತ್ತಿಸುತ್ತಿದ್ದರು. ಗಿಡ್ಡ ಹುಡುಗ ಅಂತ ಹೈಸ್ಕೂಲಿನಲ್ಲಿ ಬ್ಯಾರಿಗೆ ಮುಖ್ಯ ರನ್ನಿಂಗ್ ಬ್ಯಾಕ್ ಜಾಗ ಸಿಕ್ಕಿದ್ದೇ ಕೊನೆಯ ವರ್ಷ, ಅದೂ ಕೆಲವು ಪಂದ್ಯ ಕಳೆದ ಮೇಲೆ. ಸಿಕ್ಕಿದ ಮೇಲೆ ಹುಚ್ಚು ಹಿಡಿದಂತೆ ಓಡಿದ. ಆ ವರ್ಷದ ಕೊನೆಯ ಪಂದ್ಯದಲ್ಲಿ, ಇನ್ನು ಸ್ವಲ್ಪ ಗಜ ಓಡಿದರೆ ಊರಿಗೇ ಅತಿ ಹೆಚ್ಚು ಓಡಿದವನೆಂಬ ಹೆಸರು ನಿನ್ನದು, ಹೋಗು ಅಂತ ಕೋಚ್ ಅಂದರಂತೆ. ಪಂದ್ಯ ಹೇಗೂ ಗೆದ್ದಾಗಿದೆ, ಬೇರೆ ಹುಡುಗರು ಆಡಲಿ ಅಂತ ಇವನು ಬೆಂಚಿನಲ್ಲೇ ಕೂತ.

ಇಲ್ಲಿ ನನಗೆ ಒಂದು ಹಳೆಯ ವಿಷಯ ನೆನಪಾಗಿ ಚುಚ್ಚಿತು. ಹೇಳಿಬಿಡುತ್ತೇನೆ.

ಎಂಬತ್ತರ ದಶಕದ ಕೊನೆ. ನಮ್ಮ ಶಾಲೆಯಲ್ಲಿ ಒಬ್ಬ ಹುಡುಗ ಇದ್ದ. ಬರಿಗಾಲಲ್ಲಿ ಗದ್ದೆ ಬದುವಿನ ಮೇಲೆ ಓಡಿ ಬೆಳೆದವನು. ತಾಲ್ಲೂಕು ಕ್ರೀಡಾಕೂಟದಲ್ಲಿ 800 ಮೀಟರ್, 1500 ಮೀಟರ್ ಎರಡನ್ನೂ ಗೆದ್ದ. 3000 ಮೀಟರಿನಲ್ಲಿ ಒಂದು ಸ್ಥಾನ ಬಂದರೆ ಸಮಗ್ರ ಪ್ರಶಸ್ತಿಯ ಶೀಲ್ಡ್ ನಮ್ಮ ಶಾಲೆಗೆ. ಹುಡುಗ ಬಂದು, 'ಸಾಕು ಸಾರ್' ಅಂದ. ಕಾಲು ನೋವಾ ಅಂದೆ, ಇಲ್ಲ ಅಂದ. ಸುಸ್ತಾ ಅಂದೆ, ಅದೂ ಇಲ್ಲ. 'ಸುಮ್ನೆ, ಸಾಕು ಸಾರ್.' 'ಸಾಕು ಅನ್ನೋಕೆ ನೀನ್ಯಾರೋ?' ಅಂತ ಗದರಿ ಓಡಿಸಿದೆ. ಎರಡನೆಯವನಾಗಿ ಬಂದ. ಶೀಲ್ಡ್ ಬಂತು, ಹೆಡ್‌ಮಾಸ್ಟರ ಕೋಣೆಯ ಬೀರುವಿನ ಮೇಲೆ ಕೂತಿತು. ಮುಂದಿನ ಜೂನ್‌ನಲ್ಲಿ ಶಾಲೆ ತೆರೆದಾಗ ಆ ಹುಡುಗ ಮೈದಾನಕ್ಕೆ ಬರಲೇ ಇಲ್ಲ. ಕೊಬ್ಬು ಅಂತ ಇಪ್ಪತ್ತು ವರ್ಷ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ.

ಇರಲಿ, ಬ್ಯಾರಿಗೆ ಬರೋಣ. ಕುಳ್ಳಗಿದ್ದಾನೆ ಅಂತ ದೊಡ್ಡ ಕಾಲೇಜುಗಳು ತಿರುಗಿ ನೋಡಲಿಲ್ಲ. ಒಕ್ಲಹೋಮ ಸ್ಟೇಟ್‌ನವರು ಕರೆದರು. ಅಲ್ಲೂ ಎರಡು ವರ್ಷ ಥರ್ಮನ್ ಥಾಮಸ್ ಎಂಬ ಇನ್ನೊಬ್ಬ ಗಟ್ಟಿಗನ ಹಿಂದೆ ಕಾದ. 1988ರಲ್ಲಿ ಜಾಗ ತೆರವಾಯಿತು. ಆ ವರ್ಷ 11 ಪಂದ್ಯದಲ್ಲಿ 2,628 ಗಜ ಓಡಿದ. ಕಾಲೇಜು ಆಟದ ಅತಿ ದೊಡ್ಡ ಪ್ರಶಸ್ತಿ ಹೈಸ್‌ಮನ್ ಟ್ರೋಫಿ ಅವನಿಗೇ ಬಂತು. ಪ್ರಶಸ್ತಿ ಘೋಷಣೆಯಾಗುವಾಗ ಅವನು ಟೋಕಿಯೋದಲ್ಲಿದ್ದ, ಅಲ್ಲೊಂದು ಪಂದ್ಯ ಇತ್ತು. ಟಿ.ವಿ. ಕ್ಯಾಮೆರಾ ಮುಂದೆ ಬಾ ಅಂದರೆ ಬರಲು ಮನಸ್ಸೇ ಇಲ್ಲ, ಬಲವಂತಕ್ಕೆ ಬಂದ. ಆಮೇಲೆ ಹೋಗಿ ಆ ಪಂದ್ಯದಲ್ಲಿ 332 ಗಜ ಓಡಿದ!

1989ರಲ್ಲಿ, ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವಾಗ, ಡೆಟ್ರಾಯಿಟ್ ಲಯನ್ಸ್ ಅವನನ್ನು ಮೂರನೇ ಆಯ್ಕೆಯಾಗಿ ತೆಗೆದುಕೊಂಡಿತು. ಕೈಗೆ ದುಡ್ಡು ಬಂದ ಕೂಡಲೇ ಹತ್ತನೇ ಒಂದು ಪಾಲನ್ನು ಊರಿನ ಚರ್ಚಿಗೆ ಕೊಟ್ಟ. ಮೊದಲ ವರ್ಷವೇ 1,470 ಗಜ. ಆ ಸಲ ಮೊದಲ ಸ್ಥಾನ ಬಂದದ್ದು ಕ್ರಿಶ್ಚಿಯನ್ ಒಕೊಯೆಗೆ, 1,480. ಒಕೊಯೆ ನೈಜೀರಿಯಾದವನು, ಅಮೆರಿಕಕ್ಕೆ ಬಂದದ್ದು ಡಿಸ್ಕಸ್ ಎಸೆಯಲು. ಅವನ ಕಥೆ ಇನ್ನೊಂದು ಪತ್ರಕ್ಕೆ ಇಟ್ಟುಕೊಂಡಿದ್ದೇನೆ. ಆ ವರ್ಷದ ಕೊನೆಯ ಪಂದ್ಯದಲ್ಲಿ ಡೆಟ್ರಾಯಿಟ್ ಗೆಲ್ಲುತ್ತಿತ್ತು. ಇನ್ನು ಹತ್ತು ಗಜ ಸಾಕು, ಅಂಗಳಕ್ಕೆ ಹೋಗ್ತೀಯಾ ಅಂತ ಕೋಚ್ ವೇಯ್ನ್ ಫಾಂಟೆಸ್ ಕೇಳಿದರು. ಬೇಡ, ಗೆದ್ದು ಮನೆಗೆ ಹೋಗೋಣ ಅಂದ. ಹತ್ತು ಗಜ ಅಂದರೆ ಮೂವತ್ತು ಅಡಿ. ನಮ್ಮ ಮನೆ ಹಜಾರದಿಂದ ಹಿತ್ತಲ ಬಾಗಿಲಿಗೆ ಇರುವ ದೂರ.

ಯಜಮಾನರಿಗೆ ಇದೆಲ್ಲ ಬಾಯಿಪಾಠ. ಟಚ್‌ಡೌನ್, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸಿದ ಮೇಲೆ ಉಳಿದವರೆಲ್ಲ ಕುಣಿಯುತ್ತಿದ್ದ ಕಾಲ, ಬ್ಯಾರಿ ಮಾತ್ರ ಚೆಂಡನ್ನು ರೆಫರಿ ಕೈಗೆ ಕೊಟ್ಟು ನಡೆದುಬಿಡುತ್ತಿದ್ದ. ಇದನ್ನು ಹೇಳುವಾಗ ಅವರು ಪ್ರತಿ ಸಲ ಎದ್ದು ನಿಂತು, ಕೈಯಲ್ಲಿದ್ದ ಲೋಟವನ್ನು ನನ್ನ ಕೈಗೆ ಕೊಟ್ಟು ತೋರಿಸುತ್ತಿದ್ದರು. 1992ರ ಜನವರಿಯಲ್ಲಿ ಡಲ್ಲಾಸ್ ಕೌಬಾಯ್ಸ್ ವಿರುದ್ಧ 38-6ರಿಂದ ಗೆದ್ದ ಪಂದ್ಯಕ್ಕೆ ಅವರು ಪಾಂಟಿಯಾಕ್ ಸಿಲ್ವರ್‌ಡೋಮ್‌ನಲ್ಲಿ ಕೂತಿದ್ದರಂತೆ. ಬ್ಯಾರಿ ಜನರ ರಾಶಿಯಲ್ಲಿ ಸಿಕ್ಕಿಬಿದ್ದ, ಮುಗಿಯಿತು ಅಂದುಕೊಂಡರು. ನೋಡಿದರೆ ರಾಶಿಯ ಇನ್ನೊಂದು ಕಡೆಯಿಂದ ಹೊರಗೆ ಬಂದು ಓಡುತ್ತಿದ್ದಾನೆ. 47 ಗಜ. ಆ ಸ್ಟೇಡಿಯಂ ಈಗಿಲ್ಲ. 2017ರಲ್ಲಿ ಕೆಡವಲು ಸ್ಫೋಟಕ ಇಟ್ಟರೆ ಮೊದಲ ದಿನ ಬೀಳಲೇ ಇಲ್ಲವಂತೆ, ಮಾರನೇ ದಿನ ಬಿತ್ತು. ಅದನ್ನು ಹೇಳುವಾಗ ಯಜಮಾನರ ಮುಖದಲ್ಲಿ ಏನು ಹೆಮ್ಮೆ!

ಬರೀ ಹೊಗಳಿಕೆ ಬೇಡ. 1994ರಲ್ಲಿ ಬ್ಯಾರಿ 1,883 ಗಜ ಓಡಿದ. ಆ ಡಿಸೆಂಬರ್ 31ಕ್ಕೆ ಗ್ರೀನ್ ಬೇಯಲ್ಲಿ ನಾಕೌಟ್ ಪಂದ್ಯ. ಅಲ್ಲಿ 13 ಸಲ ಚೆಂಡು ಹಿಡಿದು ಓಡಿದವನ ಒಟ್ಟು ಲೆಕ್ಕ ಮೈನಸ್ ಒಂದು ಗಜ. ಹೌದು, ಸೊನ್ನೆಗಿಂತ ಕೆಳಗೆ. ಅವನ ಆಟವೇ ಹಾಗೆ. ಮುಂದೆ ದಾರಿ ಇಲ್ಲದಿದ್ದರೆ ಹಿಂದಕ್ಕೆ, ಪಕ್ಕಕ್ಕೆ ಓಡಿ ದಾರಿ ಹುಡುಕುವವನು. ಸಿಕ್ಕರೆ ಐವತ್ತು ಗಜ, ಸಿಗದಿದ್ದರೆ ಇದ್ದದ್ದೂ ಹೋಯಿತು. ಬಂದಷ್ಟು ಬರಲಿ ಅಂತ ನೇರ ನುಗ್ಗುವವರೇ ತಂಡಕ್ಕೆ ಮೇಲು ಅನ್ನುವವರೂ ಇದ್ದಾರೆ. ಅವರ ಮಾತಲ್ಲೂ ಸತ್ಯ ಇದೆ.

1997 ಅವನ ಸುಗ್ಗಿ. ಮೊದಲ ಎರಡು ಪಂದ್ಯ ಸೇರಿ 53 ಗಜ ಅಷ್ಟೇ. ಅಲ್ಲಿಂದ ಮುಂದಿನ 14 ಪಂದ್ಯದಲ್ಲೂ ನೂರಕ್ಕೆ ಕಡಿಮೆ ಇಲ್ಲ. ವರ್ಷದ ಕೊನೆಗೆ 2,053. ಒಂದು ಸೀಸನ್‌ನಲ್ಲಿ ಎರಡು ಸಾವಿರ ದಾಟಿದವರು ಅವನಿಗಿಂತ ಮುಂಚೆ ಇಬ್ಬರೇ, ಓ.ಜೆ. ಸಿಂಪ್ಸನ್ ಮತ್ತು ಎರಿಕ್ ಡಿಕರ್ಸನ್. ಆದರೆ ಎರಡು ಸಾವಿರ ದಾಟಿದ ಅದೇ ಪಂದ್ಯದಲ್ಲಿ ಅವನ ಜೊತೆಗಾರ ರೆಜ್ಜಿ ಬ್ರೌನ್‌ನ ಬೆನ್ನುಹುರಿಗೆ ಪೆಟ್ಟು ಬಿತ್ತು. ಉಸಿರು ನಿಂತು, ಅಂಗಳದಲ್ಲೇ ಉಸಿರು ಕೊಟ್ಟು ಬದುಕಿಸಬೇಕಾಯಿತು. ಮುಂದೆ ಆತ ಎದ್ದು ನಡೆದ, ಆಟ ಮಾತ್ರ ಮತ್ತೆ ಆಡಲಿಲ್ಲ. 1991ರಲ್ಲಿ ಮೈಕ್ ಅಟ್ಲಿ ಅನ್ನುವ ಇನ್ನೊಬ್ಬ ಜೊತೆಗಾರನಿಗೆ ಎದೆಯಿಂದ ಕೆಳಗೆ ಲಕ್ವ ಹೊಡೆದಿತ್ತು. ಸ್ಟ್ರೆಚರ್ ಮೇಲೆ ಹೋಗುವಾಗ ಅಟ್ಲಿ ಹೆಬ್ಬೆರಳು ಎತ್ತಿ ತೋರಿಸಿ ಹೋಗಿದ್ದ. ಬ್ಯಾರಿಗೆ ದಾರಿ ಮಾಡಿಕೊಡುತ್ತಿದ್ದ ಸಾಲಿನವನು ಅವನು. ಅದೇ ಸಾಲಿನ ಎರಿಕ್ ಆಂಡೋಲ್ಸೆಕ್ 1992ರಲ್ಲಿ ತನ್ನ ಮನೆ ಅಂಗಳದಲ್ಲೇ ಲಾರಿ ಹರಿದು ತೀರಿಕೊಂಡ. ಆ ಸಾಲಿನ ನಡುವೆ ನಿಲ್ಲುತ್ತಿದ್ದ ಕೆವಿನ್ ಗ್ಲೋವರ್ ಬ್ಯಾರಿಯ ಆಪ್ತ ಗೆಳೆಯ. ಅವನನ್ನೂ ತಂಡ 1998ರಲ್ಲಿ ಉಳಿಸಿಕೊಳ್ಳಲಿಲ್ಲ. ಒಳ್ಳೊಳ್ಳೆಯವರನ್ನೆಲ್ಲ ಬಿಟ್ಟುಕೊಡುತ್ತಾರೆ, ಗೆಲ್ಲುವ ಮನಸ್ಸೇ ಇಲ್ಲ ಅನ್ನುವ ಬೇಸರ ತನಗಿತ್ತು ಅಂತ ಬ್ಯಾರಿ ವರ್ಷಗಳ ನಂತರ ಹೇಳಿಕೊಂಡ. ಹತ್ತು ವರ್ಷದಲ್ಲಿ ತಂಡ ಗೆದ್ದ ನಾಕೌಟ್ ಪಂದ್ಯ ಡಲ್ಲಾಸ್ ವಿರುದ್ಧದ ಆ ಒಂದೇ ಒಂದು.

ಈಗ ಲೆಕ್ಕ ನೋಡಿ. ನನಗೆ ಲೆಕ್ಕ ಹಾಕದಿದ್ದರೆ ನಿದ್ದೆ ಬರುವುದಿಲ್ಲ. ಹತ್ತು ವರ್ಷದಲ್ಲಿ ಬ್ಯಾರಿ ಚೆಂಡು ಹಿಡಿದು ಓಡಿದ್ದು 3,062 ಸಲ, ಒಟ್ಟು 15,269 ಗಜ. ಅಂದರೆ ಸುಮಾರು 14 ಕಿಲೋಮೀಟರ್, ನಮ್ಮ 400 ಮೀಟರ್ ಟ್ರ್ಯಾಕಿನಲ್ಲಿ 35 ಸುತ್ತು. ನನ್ನ ಶಾಲೆಯ ಹುಡುಗರು ಒಂದು ವಾರದಲ್ಲಿ ಓಡುತ್ತಿದ್ದರು. ಆದರೆ ಇವನದು ಸರಾಸರಿ ಹದಿನೈದು ಅಡಿಗೆ ಒಂದು ಸಲ ಯಾರೋ ಎತ್ತಿ ಕುಕ್ಕುವ ಓಟ. ಆಟದ ಬದುಕಿನಲ್ಲಿ ಅತಿ ಹೆಚ್ಚು ಗಜ ಓಡಿದ ದಾಖಲೆ ಆಗ ವಾಲ್ಟರ್ ಪೇಟನ್ ಎಂಬ ಹಿಂದಿನ ಆಟಗಾರರದು, 16,726. ಬಾಕಿ ಇದ್ದದ್ದು 1,457 ಗಜ, ಅಂದರೆ ಮೂರು ಸುತ್ತು, ಮೇಲೊಂದು ಚೂರು. ಅದರ ಹಿಂದಿನ ವರ್ಷವೇ 1,491 ಓಡಿದ್ದ. ಇನ್ನೊಂದೇ ಒಂದು ವರ್ಷ! ಕೈಗೆತ್ತಿಕೊಂಡ ತುತ್ತನ್ನು ತಾನೇ ಎಲೆ ಮೇಲಿಟ್ಟು ಎದ್ದುಬಿಟ್ಟ.

ಪೇಟನ್ 1999ರ ನವೆಂಬರ್ 1ರಂದು ಕಾಯಿಲೆಯಿಂದ ತೀರಿಕೊಂಡರು, 45ನೇ ವಯಸ್ಸಿಗೆ. ದಾಖಲೆಯನ್ನು 2002ರಲ್ಲಿ ಡಲ್ಲಾಸ್‌ನ ಎಮಿಟ್ ಸ್ಮಿತ್ ಮುರಿದ, ತನ್ನ ಹದಿಮೂರನೇ ವರ್ಷದ ಆಟದಲ್ಲಿ.

ದುಡ್ಡನ್ನೂ ಬಿಟ್ಟ. ಒಪ್ಪಂದ ಇನ್ನೂ ವರ್ಷಗಟ್ಟಲೆ ಬಾಕಿ ಇತ್ತು. ಸಹಿ ಹಾಕಿದಾಗ ಕೊಟ್ಟಿದ್ದ ಬೋನಸ್ ವಾಪಸ್ ಕೊಡು ಅಂತ ತಂಡ ಪಟ್ಟು ಹಿಡಿಯಿತು. ಜಗಳ ಪಂಚಾಯಿತಿಗೆ ಹೋಗಿ, ಒಂದು ಪಾಲು ಕೊಡಬೇಕು ಅಂತಾಯಿತು. ಆದರೂ ಅವನು ಆಡಲು ಬರಲಿಲ್ಲ.

ಗ್ಯಾರೇಜಿನಲ್ಲಿ ಚೌಕಟ್ಟು ಹಾಕಿಸಿಟ್ಟಿದ್ದ ಪತ್ರಿಕೆ ಆ ಸುದ್ದಿಯದೇ. ಯಜಮಾನರು ಅದನ್ನು ಪ್ರೀತಿಯಿಂದ ತೂಗುಹಾಕಿದ್ದಲ್ಲ, ಸಿಟ್ಟಿನಿಂದ. ಐದು ವರ್ಷ ಆ 20ನೇ ನಂಬರಿನ ಅಂಗಿಯನ್ನು ಮುಟ್ಟಲಿಲ್ಲ, ಎಣ್ಣೆ ಒರೆಸುವ ಬಟ್ಟೆಗಳ ಜೊತೆ ಬಿಸಾಕಿದ್ದೆ ಅಂದರು. ನಾನು ಬ್ಯಾರಿ ಪರ ವಾದಿಸಿದೆ. ಮೈ ಅವನದು, ಸಾಕು ಅನ್ನುವ ಹಕ್ಕೂ ಅವನದು ಅಂದೆ. ನನ್ನ ಬಾಯಿಂದ ಆ ಮಾತು ಬಂದದ್ದಕ್ಕೆ ನನಗೇ ಆಶ್ಚರ್ಯ. ಯಜಮಾನರು, ಬಿಟ್ಟಿದ್ದು ತಪ್ಪಲ್ಲ, ಹೇಳದೆ ಹೋಗಿದ್ದು ತಪ್ಪು ಅಂದರು. ಕೋಚ್ ಬಾಬಿ ರಾಸ್ ಆ ಬೇಸಿಗೆಯೆಲ್ಲ ಅವನನ್ನು ಮಾತಾಡಿಸಲು ನೋಡಿದ್ದರು, ಇವನು ಉತ್ತರವನ್ನೇ ಕೊಡಲಿಲ್ಲ.

ಇದನ್ನು ನಾನು ಒಪ್ಪಿದೆ. ನಮ್ಮ ಕಡೆ ಮನೆಯಿಂದ ಹೊರಡುವಾಗ 'ಹೋಗ್ತೀನಿ' ಅಂದರೆ ಹಿರಿಯರು ಗದರುತ್ತಾರೆ, 'ಹೋಗಿ ಬರ್ತೀನಿ' ಅನ್ನು ಅಂತ. ಮತ್ತೆ ಬರುವುದಿಲ್ಲ ಅಂತ ಇಬ್ಬರಿಗೂ ಗೊತ್ತಿದ್ದರೂ ಹಾಗೇ ಅನ್ನಬೇಕು. ಇದನ್ನು ಯಜಮಾನರಿಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಲು ನನಗೆ ಅರ್ಧ ಗಂಟೆ ಬೇಕಾಯಿತು. ಅರ್ಥವಾದ ಮೇಲೆ ಎರಡು ಸಲ ತಲೆ ಆಡಿಸಿದರು.

ಇನ್ನೊಂದು ತಮಾಷೆ ಕೇಳಿ. ಬ್ಯಾರಿಯ ಅಪ್ಪನಿಗೆ ಹಳೆಯ ಕಾಲದ ರನ್ನಿಂಗ್ ಬ್ಯಾಕ್ ಜಿಮ್ ಬ್ರೌನ್ ಅಂದರೆ ದೇವರು. ಮಗ ಎಷ್ಟೇ ಓಡಿದರೂ ಜಿಮ್ ಬ್ರೌನ್ ಮುಂದೆ ಯಾರೂ ಇಲ್ಲ ಅಂತಲೇ ಹೇಳುತ್ತಿದ್ದರು. ಆ ಜಿಮ್ ಬ್ರೌನ್ ಕೂಡ 1966ರಲ್ಲಿ, ಮೂವತ್ತನೇ ವಯಸ್ಸಿಗೆ, ಆಟದ ತುತ್ತತುದಿಯಲ್ಲೇ ಬಿಟ್ಟವರು. ಆಗ ಅವರೂ ಇದ್ದದ್ದು ಇಂಗ್ಲೆಂಡಿನಲ್ಲಿ, ಸಿನಿಮಾ ಶೂಟಿಂಗ್‌ಗೆ ಅಂತ ಹೋಗಿದ್ದರು. ವ್ಯತ್ಯಾಸ ಅಂದರೆ, ಅವರು ದಾಖಲೆ ಮಾಡಿಟ್ಟು ಹೋದರು. 2004ರಲ್ಲಿ ಬ್ಯಾರಿಯನ್ನು ಆ ಆಟದ ದಿಗ್ಗಜರ ಸಾಲಾದ ಹಾಲ್ ಆಫ್ ಫೇಮ್‌ಗೆ ಸೇರಿಸುವಾಗ ವೇದಿಕೆಗೆ ಪರಿಚಯಿಸಿದ್ದು ಅಪ್ಪ ವಿಲಿಯಂ ಅವರೇ. ಆ ವರ್ಷವೇ ಯಜಮಾನರು ಅಂಗಿ ಒಗೆಸಿ ಗೋಡೆಗೆ ಹಾಕಿದರು. ಪತ್ರಿಕೆಯನ್ನು ಮಾತ್ರ ಇಳಿಸಲಿಲ್ಲ.

ನಾವು ಹೋದ ತಿಂಗಳೇ, 2023ರ ಸೆಪ್ಟೆಂಬರ್ 16ಕ್ಕೆ, ಡೆಟ್ರಾಯಿಟ್‌ನ ಫೋರ್ಡ್ ಫೀಲ್ಡ್ ಮುಂದೆ ಬ್ಯಾರಿಯ ಎಂಟು ಅಡಿ ಕಂಚಿನ ಪ್ರತಿಮೆ ನಿಲ್ಲಿಸಿದರು. ಅಕ್ಟೋಬರ್‌ನಲ್ಲಿ ಅಳಿಯ ನಮ್ಮನ್ನೂ ಯಜಮಾನರನ್ನೂ ಕರೆದುಕೊಂಡು ಹೋದ. ಗಾಳಿ ಮುಖ ಕೊಯ್ಯುತ್ತಿತ್ತು. ನನ್ನಾಕೆ ಸೀರೆ ಮೇಲೆ ಎರಡು ಸ್ವೆಟರ್ ಹಾಕಿ, 'ಈ ಮನುಷ್ಯ ಇಲ್ಲೂ ಓಡ್ತಾನೇ ಇದ್ದಾನಲ್ಲ' ಅಂದಳು. ಯಜಮಾನರು ಪ್ರತಿಮೆಯ ಸುತ್ತ ಒಂದು ಸುತ್ತು ಬಂದು ಸುಮ್ಮನೆ ನಿಂತರು.

ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ದಿನ ಅವರ ಮನೆಯಲ್ಲೇ ಊಟ. ನಮಗೆಂದು ಆಲೂಗಡ್ಡೆ ಪಲ್ಯದಂಥದ್ದು ಮಾಡಿದ್ದರು, ಖಾರವಿಲ್ಲ. ಲಯನ್ಸ್ ಆವತ್ತು ಗ್ರೀನ್ ಬೇಗೆ ಸೋತಿತು. ಡಿಸೆಂಬರ್‌ನಲ್ಲಿ ಊರಿಗೆ ಬಂದೆವು. 2024ರ ಸಂಕ್ರಾಂತಿ ಬೆಳಿಗ್ಗೆ, ಎಳ್ಳು ಬೆಲ್ಲ ಪೊಟ್ಟಣ ಕಟ್ಟುತ್ತಿದ್ದಾಗ ಮಗಳ ವಿಡಿಯೋ ಕರೆ. ಅಲ್ಲಿ ಭಾನುವಾರ ರಾತ್ರಿ. 'ಅಪ್ಪಾ, ನೋಡಿಲ್ಲಿ' ಅಂದಳು. ಲಯನ್ಸ್ 24-23ರಿಂದ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡವನ್ನು ಸೋಲಿಸಿತ್ತು. 1992ರ ಆ ಗೆಲುವಿನ ನಂತರ ಮೊದಲ ನಾಕೌಟ್ ಗೆಲುವು, 32 ವರ್ಷಕ್ಕೆ. ಬೀದಿಯಲ್ಲಿ ಹಿಮ. ಯಜಮಾನರು ಕೋಟಿನ ಮೇಲೆ ಆ 20ನೇ ನಂಬರಿನ ಅಂಗಿ ಏರಿಸಿಕೊಂಡು, ಡ್ರೈವ್‌ವೇಯಲ್ಲಿ ನಿಂತು ಚಿಕ್ಕ ಹುಡುಗನ ಹಾಗೆ ಅಳುತ್ತಿದ್ದರು.

ಅದಾದ ಮೇಲೆ ನಾನು ಒಂದು ಕೆಲಸ ಮಾಡಿದೆ. ನನ್ನ ಆ ಹಳೆಯ ಹುಡುಗ ಈಗ ಬಸ್ ಸ್ಟ್ಯಾಂಡ್ ಹತ್ತಿರ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಐವತ್ತರ ಆಸುಪಾಸು, ಹೊಟ್ಟೆ ಬಂದಿದೆ. ನಾನು ಹೋದರೆ ಎದ್ದು ನಿಲ್ಲುತ್ತಾನೆ, ಮಳೆ ಬೆಳೆ ಎಲ್ಲ ಮಾತಾಡುತ್ತೇವೆ, ಓಟದ ಸುದ್ದಿ ಮಾತ್ರ ಇಬ್ಬರೂ ಎತ್ತುವುದಿಲ್ಲ. ಎರಡಿಂಚು ಮೊಳೆ ಅರ್ಧ ಕೆಜಿ ಬೇಕು ಅಂತ ಹೋಗಿ, ನಿಂತಲ್ಲೇ ಬ್ಯಾರಿಯ ಕಥೆ ಪೂರ್ತಿ ಹೇಳಿದೆ. ಹತ್ತು ಗಜದ್ದು, ಮೂರು ಸುತ್ತಿನದ್ದು, ಫ್ಯಾಕ್ಸಿನದ್ದು. ಆಮೇಲೆ, ಆವತ್ತು ನಿನ್ನನ್ನು ಓಡಿಸಬಾರದಿತ್ತು ಕಣೋ ಅಂದೆ.

ಅವನು ಮೊಳೆ ತೂಗಿ, ಪೊಟ್ಟಣ ಕಟ್ಟಿ, ದುಡ್ಡು ತೆಗೆದುಕೊಂಡು ಚಿಲ್ಲರೆ ಎಣಿಸಿ ಕೊಟ್ಟ.

'ಅವನು ಫ್ಯಾಕ್ಸ್ ಆದ್ರೂ ಕಳ್ಸಿದ್ನಲ್ಲ ಸಾರ್,' ಅಂದ. 'ನಾನು ಅದನ್ನೂ ಕಳಿಸ್ಲಿಲ್ಲ.'

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ದೈಹಿಕ ಶಿಕ್ಷಕ, ಪಾಂಡವಪುರ